ದಂಡಿನ ಜೊತೆ ಬಂದ ಚಿತ್ರಗಾರ

ಕೋಲಾರದ ಕಡೆಯಿಂದ ಬೆಂಗಳೂರಿಗೆ ಬರುವವರಿಗೆ ಹೊಸಕೋಟೆಯೇ ಹೊಸ್ತಿಲು. 1791ರ ಮಾರ್ಚ್ ಮೊದಲ ವಾರ ಆ ಹೊಸ್ತಿಲು ದಾಟಿ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ದಂಡು. ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಕಲ್ಕತ್ತಾ ಬಿಟ್ಟು ಬಂದು ತಾನೇ ದಂಡನಾಯಕನಾಗಿ ನಿಂತಿದ್ದ. ಆಂಬೂರಿನ ಕಣಿವೆ ಹತ್ತುವವನಂತೆ ಟಿಪ್ಪುವಿಗೆ ತೋರಿಸಿ, ಉತ್ತರಕ್ಕೆ ಸರಿದು, ಮೊಗಲಿ ಘಾಟಿಯಿಂದ ಮೈಸೂರು ಸೀಮೆಯೊಳಕ್ಕೆ ನುಸುಳಿದ್ದ. ಫೆಬ್ರವರಿ ಕೊನೆಗೆ ಕೋಲಾರ ಕೈಬಿಟ್ಟಿತು. ಹೊಸಕೋಟೆಯ ಕೋಟೆಯೂ ಹೆಚ್ಚು ಕಾದಾಡಲಿಲ್ಲ. ಮಾರ್ಚ್ 5ರ ಹೊತ್ತಿಗೆ ಕಂಪನಿಯ ಡೇರೆಗಳು ಬೆಂಗಳೂರಿನ ಮುಂದೆ ಎದ್ದಿದ್ದವು.

ಹೊಸಕೋಟೆಯ ಜನರಿಗೆ ದಂಡು ಹೊಸದಲ್ಲ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಇದೇ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. 1768ರ ಆಗಸ್ಟಿನಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಮರಾಠಾ ನಾಯಕ ಮುರಾರಿರಾವನ ಪಾಳೆಯದ ಮೇಲೆ ಹೈದರ್ ಅಲಿ ರಾತ್ರಿ ಹೊತ್ತಿನಲ್ಲಿ ಬಿದ್ದಿದ್ದ. ಆದರೆ ಈ ಸಲದ ದಂಡಿನಲ್ಲಿ ಹಿಂದೆ ಕಾಣದ ಒಂದು ವರ್ಗವಿತ್ತು. ಬಂಗಾಳದ ಆನೆಗಳು, ತೋಪು ಎಳೆಯುವ ಎತ್ತುಗಳು, ದವಸ ಹೇರಿಕೊಂಡು ಬರುವ ಲಂಬಾಣಿಗರ ಹಿಂಡುಗಳು, ಸಿಪಾಯಿಗಳ ಹೆಂಡಿರು ಮಕ್ಕಳು, ಬಜಾರಿನವರು, ಇವರೆಲ್ಲ ಯಾವ ದಂಡಿನಲ್ಲೂ ಇರುವವರೇ. ಅವರ ನಡುವೆ ಕಾಗದ, ಪೆನ್ಸಿಲು, ಬಣ್ಣದ ಪೆಟ್ಟಿಗೆ ಹಿಡಿದವರೂ ಕೆಲವರಿದ್ದರು. ಕಂಡದ್ದನ್ನು ಬರೆದು, ಬಿಡಿಸಿ, ಸಮುದ್ರದಾಚೆಗೆ ಕಳಿಸುವುದು ಅವರಿಗೆ ಹಿಡಿದಿದ್ದ ಗೀಳು. ಕೆಲವರಿಗೆ ಅದೇ ಅನ್ನ.

ಕ್ರೈಮಿಯಾ ಯುದ್ಧಕ್ಕೆ ಹೋದ ‘ಟೈಮ್ಸ್’ ಪತ್ರಿಕೆಯ ವಿಲಿಯಂ ಹೋವರ್ಡ್ ರಸೆಲ್‌ನಿಂದ ಯುದ್ಧ ವರದಿಗಾರಿಕೆಯ ಚರಿತ್ರೆಯನ್ನು ಶುರುಮಾಡುವುದು ವಾಡಿಕೆ. ಅದು 1854ರ ಮಾತು. ಮರುವರ್ಷ ರೋಜರ್ ಫೆಂಟನ್ ಅಲ್ಲಿಗೇ ಕ್ಯಾಮೆರಾ ಹೊತ್ತು ಹೋದ. ಲಖನೌದ ಪಾಳುಗೋಡೆಗಳ ಮುಂದೆ ಫೆಲಿಚೆ ಬಿಯಾಟೊ ಕ್ಯಾಮೆರಾ ನಿಲ್ಲಿಸಿದ್ದು 1858ರಲ್ಲಿ. ಇದಕ್ಕೆಲ್ಲ ಆರು ದಶಕ ಮೊದಲೇ ಹೊಸಕೋಟೆ, ದೇವನಹಳ್ಳಿ, ಮಾಗಡಿ, ಶ್ರೀರಂಗಪಟ್ಟಣದ ದಾರಿಗಳಲ್ಲಿ ಅದೇ ಕೆಲಸ ಕೈಯಿಂದ ನಡೆದಿತ್ತು. ಮೂರನೇ ಮೈಸೂರು ಯುದ್ಧದಷ್ಟು ದಟ್ಟವಾಗಿ ಚಿತ್ರಕ್ಕೆ ಸಿಕ್ಕ ಯುದ್ಧ ಆ ಶತಮಾನದ ಹಿಂದೂಸ್ತಾನದಲ್ಲಿ ಇನ್ನೊಂದನ್ನು ಹುಡುಕುವುದು ಕಷ್ಟ.

ಈ ದಂಡಿನ ಚಿತ್ರಗಾರರಲ್ಲಿ ಹೆಚ್ಚಿನವರು ಸಿಪಾಯಿ ಕೆಲಸದ ಜೊತೆಗೇ ಚಿತ್ರ ಬಿಡಿಸುತ್ತಿದ್ದವರು. ರಾಬರ್ಟ್ ಕೋಲ್‌ಬ್ರೂಕ್ ಮೋಜಣಿದಾರ, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಅಲೆಕ್ಸಾಂಡರ್ ಅಲನ್ ಮದರಾಸು ಸೈನ್ಯದ ಅಧಿಕಾರಿ. ಜೇಮ್ಸ್ ಹಂಟರ್ ತೋಪುಖಾನೆಯ ಲೆಫ್ಟಿನೆಂಟ್. ಬರೆದವರೂ ಅಷ್ಟೇ ಇದ್ದರು. ಮೇಜರ್ ಡಿರೋಮ್ ದಂಡಿನ ದಿನಚರಿಯನ್ನು ಪುಸ್ತಕ ಮಾಡಿ 1793ರಲ್ಲೇ ಲಂಡನ್ನಿನಲ್ಲಿ ಅಚ್ಚುಹಾಕಿಸಿದ. ರೋಡೆರಿಕ್ ಮೆಕೆಂಜಿ ಈ ಯುದ್ಧದ ಕಥನವನ್ನು ಎರಡು ಸಂಪುಟಗಳಲ್ಲಿ ಬರೆದ. ಥಾಮಸ್ ಮನ್ರೋ ಇನ್ನೂ ಲೆಫ್ಟಿನೆಂಟ್. ಸ್ಕಾಟ್ಲೆಂಡಿನಲ್ಲಿದ್ದ ತಂದೆಗೆ ಯುದ್ಧದ ಸುದ್ದಿಯನ್ನು ಉದ್ದುದ್ದ ಪತ್ರಗಳಲ್ಲಿ ತಿಳಿಸುತ್ತಿದ್ದ. ಪರಶುರಾಮ ಭಾವೂನ ಮರಾಠಾ ದಂಡಿನ ಜೊತೆಗಿದ್ದ ಎಡ್ವರ್ಡ್ ಮೂರ್ ಶಿವಮೊಗ್ಗದ ಹತ್ತಿರದ ಗಾಜನೂರಿನಲ್ಲಿ ಗಾಯಗೊಂಡ. ಊರಿಗೆ ಮರಳಿ 1794ರಲ್ಲಿ ತನ್ನ ಕಥನ ಪ್ರಕಟಿಸಿದ. ಹಿಂದೂ ದೇವತೆಗಳ ಬಗ್ಗೆ ದೊಡ್ಡ ಗ್ರಂಥ ಬರೆದು ಮುಂದೆ ಹೆಸರಾದ ಮೂರ್ ಇವನೇ.

ಇವರೆಲ್ಲರ ನಡುವೆ ಖಡ್ಗ ಹಿಡಿಯದ, ಚಿತ್ರವನ್ನೇ ನಂಬಿ ಬಂದ ಮನುಷ್ಯ ರಾಬರ್ಟ್ ಹೋಮ್.

ಹೋಮ್ 1752ರಲ್ಲಿ ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ ಹುಟ್ಟಿದ. ಅಪ್ಪ ಸೈನ್ಯದ ಶಸ್ತ್ರವೈದ್ಯ. ತಮ್ಮ ಎವರಾರ್ಡ್ ಕೂಡ ಶಸ್ತ್ರವೈದ್ಯನಾದ. ಅಕ್ಕ ಆನ್ ಮದುವೆಯಾದದ್ದು ಆ ಕಾಲದ ಅತಿ ಹೆಸರುವಾಸಿ ಶಸ್ತ್ರವೈದ್ಯ ಜಾನ್ ಹಂಟರನನ್ನು. ಹೀಗೆ ಕತ್ತರಿ ಚಾಕುಗಳ ಮನೆಯಲ್ಲಿ ಕುಂಚ ಹಿಡಿದವನು ರಾಬರ್ಟ್ ಒಬ್ಬನೇ. ಏಂಜೆಲಿಕಾ ಕಾಫ್‌ಮನ್ ಎಂಬ ಕಲಾವಿದೆಯ ಹತ್ತಿರ ಕಲಿತ, ರೋಮಿನಲ್ಲಿ ಕೆಲವು ವರ್ಷ ಅಭ್ಯಾಸ ಮಾಡಿದ, ಡಬ್ಲಿನ್ನಿನಲ್ಲಿ ದೊಡ್ಡವರ ಭಾವಚಿತ್ರ ಬರೆದು ಒಂದು ದಶಕ ಬಾಳಿದ. 1791ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದಾಗ ನಲವತ್ತರ ಹತ್ತಿರದ ವಯಸ್ಸು. ಮದರಾಸಿನ ಹಣವಂತ ಅಧಿಕಾರಿಗಳ ಮುಖಗಳನ್ನು ಬರೆದುಕೊಂಡು ಅಲ್ಲೇ ಆರಾಮಾಗಿರಬಹುದಿತ್ತು. ಅವನು ಕಾರ್ನ್‌ವಾಲಿಸನ ದಂಡಿನ ಜೊತೆ ಮೈಸೂರು ಸೀಮೆಗೆ ಹೋಗಲು ಅನುಮತಿ ಕೇಳಿದ, ಪಡೆದ. ಅವನ ಬದುಕಿನ ತಿರುವು ಇದೇ. ನಮ್ಮ ಭಾಗದ ಚರಿತ್ರೆಗೆ ಇಷ್ಟೊಂದು ಚಿತ್ರಗಳು ದಕ್ಕಿದ್ದಕ್ಕೂ ಇದೇ ಒಂದು ಮುಖ್ಯ ಕಾರಣ.

ಮಾರ್ಚ್ 7ರಂದು ಬೆಂಗಳೂರು ಪೇಟೆಯ ಮೇಲೆ ಲಗ್ಗೆ ಬಿತ್ತು. ಪೇಟೆಯ ಸುತ್ತ ಕಂದಕ, ಅದರ ಸುತ್ತ ಮುಳ್ಳುಬೇಲಿಯ ದಟ್ಟ ಪಟ್ಟಿ. ಬಾಗಿಲು ಒಡೆಯುವ ಹೊತ್ತಿನಲ್ಲಿ ಮದರಾಸು ತೋಪುಖಾನೆಯ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಗುಂಡು ತಗುಲಿ ಸತ್ತ. ಅದೇ ದಿನ ಟಿಪ್ಪುವಿನ ಪಡೆ ಪೇಟೆಯನ್ನು ಮತ್ತೆ ಹಿಡಿಯಲು ನುಗ್ಗಿತು, ಬೀದಿ ಬೀದಿಯಲ್ಲಿ ಕಾಳಗವಾಯಿತು, ಕೊನೆಗೆ ಹಿಂದೆ ಸರಿಯಬೇಕಾಯಿತು. ಗೆದ್ದವರು ಪೇಟೆಯನ್ನು ಲೂಟಿ ಮಾಡಿದರು. ಎರಡು ವಾರ ಕಳೆದು, ಮಾರ್ಚ್ 21ರ ರಾತ್ರಿ, ತೋಪಿನ ಏಟಿಗೆ ಕುಸಿದಿದ್ದ ಗೋಡೆಯ ಮೂಲಕ ಕೋಟೆಯೊಳಕ್ಕೂ ನುಗ್ಗಿದರು. ವಯಸ್ಸಾದ ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಬಿದ್ದ. ಆ ಗೋಡೆ ಒಡೆದ ಜಾಗದಲ್ಲಿ ಕೃಷ್ಣರಾಜ ಮಾರುಕಟ್ಟೆಯ ಬಳಿ ಇಂದಿಗೂ ಒಂದು ಕಲ್ಲುಫಲಕವಿದೆ. ಬಸ್ಸಿಗೆ ಓಡುವ ಗದ್ದಲದಲ್ಲಿ ಅದನ್ನು ನಿಂತು ಓದುವವರು ಕಡಿಮೆ.

ಹೋಮ್ ಮುಂದೆ ಮೂರ್‌ಹೌಸನ ಸಾವನ್ನು ದೊಡ್ಡ ತೈಲಚಿತ್ರವಾಗಿ ಬರೆದ. ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಕುಸಿಯುತ್ತಿರುವ ಅಧಿಕಾರಿ, ಅವನನ್ನು ಆತುಕೊಂಡ ಜೊತೆಗಾರರು, ಹಿಂದೆ ಹೊಗೆ, ಪೇಟೆಯ ಬಾಗಿಲು. ಅಮೆರಿಕದಿಂದ ಲಂಡನ್ನಿಗೆ ಬಂದಿದ್ದ ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ‘ಜನರಲ್ ವುಲ್ಫನ ಸಾವು’ ಇಂಥ ಚಿತ್ರಗಳಿಗೆಲ್ಲ ಅಚ್ಚು ಹಾಕಿಕೊಟ್ಟಿತ್ತು. ಸಾಯುವ ವೀರ ನಡುವೆ, ಸುತ್ತ ಮರುಗುವ ಗೆಳೆಯರು, ಯುದ್ಧ ಹಿನ್ನೆಲೆಗೆ. ಕೆನಡಾದ ಕ್ವಿಬೆಕ್ಕಿನಲ್ಲಿ ಸತ್ತವನ ಭಂಗಿ ನಮ್ಮ ಪೇಟೆಯ ಬಾಗಿಲಿಗೆ ಬಂದು ಕೂತಿತು. ಹೋಮನ ಕೈಚಳಕದಲ್ಲಿ ಕೊರತೆಯಿಲ್ಲ. ಬಟ್ಟೆಯ ಮಡಿಕೆ, ಹೊಗೆಯ ಬಣ್ಣ, ಮುಖದ ನೋವು ಎಲ್ಲವೂ ಪಳಗಿದ ಕೈಯವು. ಆದರೂ ಈ ಚಿತ್ರದ ಮುಂದೆ ನಿಂತ ಕನ್ನಡಿಗನ ಕಣ್ಣು ಬೇರೆ ಏನನ್ನೋ ಹುಡುಕುತ್ತದೆ. ಆ ಬಾಗಿಲ ಒಳಗೆ ನೇಕಾರರ ಬೀದಿಗಳಿದ್ದವು, ಅಂಗಡಿಗಳಿದ್ದವು, ಗುಡಿ ಮಸೀದಿಗಳಿದ್ದವು. ಅಲ್ಲಿನ ಜನರ ಬಾಗಿಲನ್ನು ಅವರ ಕಡೆಯಿಂದ ನೋಡಿದವರು ಯಾರೂ ಅಂದು ಕುಂಚ ಹಿಡಿದಿರಲಿಲ್ಲ.

ಕೋಟೆ ಕೈಗೆ ಬಂದ ಒಂದು ವಾರಕ್ಕೆ, ಮಾರ್ಚ್ 28ಕ್ಕೆ, ಕಾರ್ನ್‌ವಾಲಿಸ್ ಉತ್ತರಕ್ಕೆ ಹೊರಟ. ನಿಜಾಮನ ಕುದುರೆ ಪಡೆ ಬಂದು ಸೇರಬೇಕಿತ್ತು, ಮೇವು ದವಸ ಬೇಕಿತ್ತು. ದಾರಿ ಇಂದಿನ ವಿಮಾನ ನಿಲ್ದಾಣದ ದಿಕ್ಕಿನದೇ, ದೇವನಹಳ್ಳಿಯ ಕಡೆಗೆ. ಅದೇ ದಿನ ಟಿಪ್ಪುವಿನ ದಂಡು ದೊಡ್ಡಬಳ್ಳಾಪುರದ ಕಡೆಗೆ ನಡೆದಿತ್ತು. ಎರಡು ದಂಡುಗಳು ಬಯಲಿನಲ್ಲಿ ಒಂದನ್ನೊಂದು ಕಂಡವು. ಟಿಪ್ಪುವಿನ ಹಿಂಬದಿಯ ಪಡೆಯ ಜೊತೆ ಚಕಮಕಿಯಾಯಿತು. ದೊಡ್ಡ ಯುದ್ಧವಾಗಲಿಲ್ಲ. ದೇವನಹಳ್ಳಿಯೂ ಚಿಕ್ಕಬಳ್ಳಾಪುರವೂ ಕಂಪನಿಗೆ ಶರಣಾದವು. ಏಪ್ರಿಲ್ ನಡುವಿಗೆ ನಿಜಾಮನ ಸವಾರರು ಬಂದು ಕೂಡಿಕೊಂಡರು.

ಕಂಪನಿಯ ಕಥನಗಳಲ್ಲಿ ದೇವನಹಳ್ಳಿ ಹೀಗೆ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಟಿಪ್ಪುವಿಗೆ ಆ ಹೆಸರು ಹಾಗೆ ಸುಲಭವಾಗಿ ದಾಟಿಹೋಗುವಂಥದಲ್ಲ. ಅವನು 1750ರ ಸುಮಾರಿಗೆ ಹುಟ್ಟಿದ್ದು ಅಲ್ಲಿ. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯದು. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜ ಅದಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದಾಗ ಅವನ ದಂಡಿನಲ್ಲಿ ಹೈದರ್ ಎಂಬ ಸವಾರನೊಬ್ಬ ಎಲ್ಲರ ಕಣ್ಣಿಗೆ ಬಿದ್ದ. 50 ಕುದುರೆ, 200 ಕಾಲಾಳುಗಳ ಒಡೆತನ ಅವನಿಗೆ ಸಿಕ್ಕಿತು. ಅಲ್ಲಿಂದ ಅವನ ಏರಿಕೆ ಶುರು. ಮುಂದೆ ಮಣ್ಣಿನ ಗೋಡೆ ಕೆಡವಿ ಕಲ್ಲಿನ ಕೋಟೆ ಎಬ್ಬಿಸುವ ಕೆಲಸಕ್ಕೆ ತಂದೆ ಮಗ ಇಬ್ಬರೂ ಕೈಹಾಕಿದರು. ಅರ್ಧಚಂದ್ರಾಕಾರದ 12 ಬುರುಜುಗಳು ಇಂದಿಗೂ ನಿಂತಿವೆ. ಕಾರ್ನ್‌ವಾಲಿಸ್ ಬಂದಾಗ ಆ ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ.

ದೊಡ್ಡಬಳ್ಳಾಪುರದ ನೆನಪು ಆ ಮನೆತನಕ್ಕೆ ಇನ್ನೂ ಕಹಿ. ಹೈದರನ ತಂದೆ ಫತೇ ಮುಹಮ್ಮದ್ ಶಿರಾ ಸುಬೇದಾರನ ಕಡೆ ಕಾದಾಡಿ ಸತ್ತ ಮೇಲೆ, ದೊಡ್ಡಬಳ್ಳಾಪುರದ ಜಹಗೀರು ಹಿಡಿದಿದ್ದ ಅಬ್ಬಾಸ್ ಖುಲಿ ಖಾನ್ ಆ ಸಂಸಾರದಿಂದ ದುಡ್ಡು ಕಿತ್ತುಕೊಳ್ಳಲು ಎಳೆಯ ಹುಡುಗರಾದ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂರಿಸಿ ಹಿಂಸಿಸಿದನಂತೆ. ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯಲ್ಲಿ ಈ ಸಂಗತಿ ಬರುತ್ತದೆ. ತೊಗಲು ಬಿಗಿದ ನಗಾರಿಯ ಕತ್ತಲಲ್ಲಿ ಕೂತ ಹುಡುಗನ ಚಿತ್ರವನ್ನು ಯಾವ ಕಲಾವಿದನೂ ಬರೆದಿಲ್ಲ. ಬರೆದಿದ್ದರೆ ಅದು ಆ ಮನೆತನದ ಮುಂದಿನ ಎಲ್ಲ ಚಿತ್ರಗಳಿಗಿಂತ ಹೆಚ್ಚು ಮಾತಾಡುತ್ತಿತ್ತು.

1791ರ ಮೇ ತಿಂಗಳಲ್ಲಿ ನಡೆದದ್ದು ಚಿತ್ರಗಾರರಿಗೆ ಹಿಡಿಸುವಂಥದಲ್ಲ. ಕಾರ್ನ್‌ವಾಲಿಸ್ ಕನಕಪುರದ ಕಡೆಯ ಕಾಡುದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ನುಗ್ಗಿದ. ದಾರಿಯ ಹಳ್ಳಿಗಳನ್ನು ಟಿಪ್ಪುವೇ ಮುಂಚೆ ಖಾಲಿ ಮಾಡಿಸಿದ್ದ. ಮೇವು ದವಸಕ್ಕೆ ಬೆಂಕಿ ಹಾಕಿಸಿದ್ದ. ಮೇ 15ರಂದು ಅರಕೆರೆಯ ಹತ್ತಿರ ಕಂಪನಿ ಗೆದ್ದಿತಾದರೂ ಆ ಗೆಲುವಿನಿಂದ ಹೊಟ್ಟೆ ತುಂಬಲಿಲ್ಲ. ಮಳೆ ಹಿಡಿಯಿತು. ಎತ್ತುಗಳಿಗೆ ರೋಗ ತಗುಲಿ ಗುಂಪುಗುಂಪಾಗಿ ಸತ್ತವು. ಎಳೆಯುವವರಿಲ್ಲದೆ ದೊಡ್ಡ ತೋಪುಗಳನ್ನು ತಾವೇ ಒಡೆದುಹಾಕಿ ದಂಡು ಹಿಂದಿರುಗಿತು. ಹಸಿದು ಬರುತ್ತಿದ್ದವರಿಗೆ ಎದುರಾದದ್ದು ಮರಾಠರ ದಂಡು. ಅವರ ಬಜಾರಿನ ಅಕ್ಕಿ, ಬೇಳೆ ಕಂಪನಿಯನ್ನು ಉಳಿಸಿತು. ಮುಂದೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಕೂಡಿಸಿದ ಲಂಬಾಣಿಗರು ಹೇರೆತ್ತುಗಳ ಮೇಲೆ ದವಸ ತಂದರು. ಈ ಯುದ್ಧವನ್ನು ಗೆಲ್ಲಿಸಿದ್ದು ತೋಪುಗಳೇ ಎಂದು ಯಾರಾದರೂ ಹೇಳಿದರೆ, ಲಂಬಾಣಿಗರ ಎತ್ತುಗಳನ್ನೂ ಲೆಕ್ಕಕ್ಕೆ ಸೇರಿಸಿ ಎನ್ನಬೇಕಾಗುತ್ತದೆ. ಹೆಸರುವಾಸಿಯಾದ ತೈಲಚಿತ್ರಗಳಲ್ಲಿ ಅವರಿಗೆ ಜಾಗ ಸಿಗಲಿಲ್ಲ.

ಅಲ್ಲಿಂದ ಯುದ್ಧ ಬೆಟ್ಟಗಳಿಗೆ ತಿರುಗಿತು. ಚಿತ್ರಗಾರರ ಕಣ್ಣು ಅರಳಿದ್ದು ಇಲ್ಲಿ. ದೇವನಹಳ್ಳಿ, ದೊಡ್ಡಬಳ್ಳಾಪುರ ಎರಡೂ ಕಡೆಯಿಂದ ಕಾಣುವ ನಂದಿದುರ್ಗಕ್ಕೆ ಮೇಜರ್ ಗೌಡಿ ಮೂರು ವಾರ ಮುತ್ತಿಗೆ ಹಾಕಿದ. ಅಕ್ಟೋಬರ್ 18ರ ರಾತ್ರಿ ಚಂದ್ರ ಮೂಡಿದ ಮೇಲೆ ಲಗ್ಗೆ ನಡೆಯಿತು. ಕೋಟೆಯವರು ಮೇಲಿನಿಂದ ಉರುಳಿಸಿದ ಬಂಡೆಗಳು ಗುಂಡಿಗಿಂತ ಹೆಚ್ಚು ಹಾನಿ ಮಾಡಿದವು. ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ. ನೆಲಮಂಗಲದಿಂದ ಮಾಗಡಿಗೆ ಹೋಗುವವರು ದಾರಿಯುದ್ದಕ್ಕೂ ನೋಡುವ ಆ ಬೋಳು ಏಕಶಿಲೆ, ಸುತ್ತಲ ಬಿದಿರು ಕಾಡು, ಅದರೊಳಗಿನ ಚಳಿಜ್ವರ, ಇದನ್ನೆಲ್ಲ ದಾಟಿ ತೋಪು ಏರಿಸುವುದು ಆಗದ ಮಾತು ಎಂದೇ ನಂಬಿಕೆಯಿತ್ತು. ಆನೆಗಳು ಅದನ್ನು ಆಗುಮಾಡಿದವು. ಡಿಸೆಂಬರ್ 21ರಂದು ದುರ್ಗ ಬಿತ್ತು. ಮೂರು ದಿನಕ್ಕೆ ಹುತ್ರಿದುರ್ಗವೂ ಹೋಯಿತು.

ಮಾಗಡಿಯ ಕಡೆ ನಿಂತು ಕೋಲ್‌ಬ್ರೂಕ್ ಬರೆದ ಸಾವನದುರ್ಗದ ಉತ್ತರ ನೋಟ ಈ ಯುದ್ಧದ ಅತ್ಯುತ್ತಮ ಚಿತ್ರಗಳಲ್ಲಿ ಒಂದು. ಮೋಜಣಿದಾರನ ಕಣ್ಣಿಗೆ ಇಳಿಜಾರಿನ ಕೋನ ತಪ್ಪುವುದಿಲ್ಲ. ಬೆಟ್ಟ ಬೆಟ್ಟದ ಹಾಗೇ ಇದೆ. ಇಂದು ಅದೇ ದಿಕ್ಕಿನಲ್ಲಿ ನಿಂತು ನೋಡಿದರೂ ಬಂಡೆಯ ಎರಡು ನೆತ್ತಿಗಳು, ನಡುವಿನ ಸೀಳು ಗುರುತಿಗೆ ಸಿಗುತ್ತವೆ. ಹೋಮ್ ಬರೆದ ರಾಮಗಿರಿ, ಶಿವಗಿರಿಗಳೂ ಹೀಗೇ. ಬೆಂಗಳೂರು ಸುತ್ತಲಿನ ಬಂಡೆಬೆಟ್ಟಗಳು ಕಲ್ಲುಗಣಿಗೆ ಕರಗಿಹೋಗುತ್ತಿರುವ ಈ ಕಾಲದಲ್ಲಿ, ಅವು ಇಡಿಯಾಗಿದ್ದ ದಿನಗಳ ಸಾಕ್ಷಿಯೆಂದರೆ ಕೊಲ್ಲಲು ಬಂದ ದಂಡಿನ ಈ ಚಿತ್ರಗಳು. ಆ ಋಣವನ್ನು ಒಪ್ಪಿಕೊಳ್ಳಲೇಬೇಕು.

ತೋಪುಖಾನೆಯ ಜೇಮ್ಸ್ ಹಂಟರನ ಆಸೆ ಬೇರೆ ಕಡೆಗಿತ್ತು. ಬೆಂಗಳೂರು ಕೋಟೆಯ ದೆಹಲಿ ಬಾಗಿಲು, ಟಿಪ್ಪುವಿನ ಅರಮನೆ, ಅರಮನೆಗೆ ಹೋಗುವ ಬೀದಿ, ಅಲ್ಲಿ ನಡೆದಾಡುವ ಜನ. ಇಂದು ಆ ಅರಮನೆಯಲ್ಲಿ ಉಳಿದಿರುವುದು ಒಂದು ತುಂಡು. ಮಿಕ್ಕದ್ದು ಹೇಗಿತ್ತೆಂದು ಊಹಿಸಲು ಹಂಟರನ ಹಾಳೆಗಳನ್ನೇ ಬಿಡಿಸಬೇಕು. ಅವನು 1792ರಲ್ಲಿ ತೀರಿಕೊಂಡ. ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದಾಗ ಅವನು ಸತ್ತು ಹತ್ತು ವರ್ಷದ ಮೇಲಾಗಿತ್ತು.

ಹಾಗಾದರೆ ಮೈಸೂರಿನ ಕಡೆಯವರು ಏನನ್ನೂ ದಾಖಲಿಸಲಿಲ್ಲವೇ? ದಾಖಲಿಸಿದ್ದರು. ಹರಕಾರರು ಸುದ್ದಿ ಹೊತ್ತು ಓಡುತ್ತಿದ್ದರು, ಅಖಬಾರು ಬರೆಯುವವರು ಪ್ರತಿ ದರಬಾರಿನಲ್ಲೂ ಇದ್ದರು. ಹೈದರ್ ಕಾಲದ ಚರಿತ್ರೆಯನ್ನು ಹೇಳುವ ‘ಹೈದರ್ ನಾಮಾ’ 1784ರಲ್ಲೇ ಕನ್ನಡ ಗದ್ಯದಲ್ಲಿ ಮುಗಿದಿತ್ತು. ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ತಂದೆ ಮಗ ಇಬ್ಬರ ಯುದ್ಧಗಳನ್ನೂ ಪಾರಸಿಯಲ್ಲಿ ಬರೆದ. ಯುದ್ಧಚಿತ್ರವೂ ಇತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವನ್ನು ಟಿಪ್ಪು ಬರೆಸಿದ್ದ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಸುತ್ತುಗಟ್ಟಿದ ಮೈಸೂರು ಸವಾರರು. ಅದೂ ಗೆದ್ದವರ ಕಣ್ಣಿನದೇ ಚಿತ್ರ. ಅದರಲ್ಲೂ ಊರಿನ ಜನರಿಲ್ಲ. ಆದರೆ ಕಂಪನಿ ಸೋತ ದಿನವೊಂದಿತ್ತು ಎಂದು ಹೇಳುವ ಚಿತ್ರ ಅದೊಂದೇ. ಬಣ್ಣ ಮಾಸಿದ ಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಮತ್ತೆ ಬರೆಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ ಎಂಬುದು ಇನ್ನೊಂದು ಸೋಜಿಗ.

ಇದೇ ಯುದ್ಧದ ಕನ್ನಡ ದಾಖಲೆಯೊಂದು ಶೃಂಗೇರಿಯಲ್ಲಿ ಸಿಕ್ಕಿತು. 1791ರಲ್ಲಿ ಮರಾಠಾ ದಂಡಿನ ಸವಾರರು ಮಠವನ್ನು ಲೂಟಿ ಮಾಡಿದಾಗ, ಗುರುಗಳಿಗೆ ಟಿಪ್ಪು ಕನ್ನಡದಲ್ಲಿ ಬರೆಸಿ ಕಳಿಸಿದ ಪತ್ರಗಳ ಕಟ್ಟದು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಅವನ್ನು ಬೆಳಕಿಗೆ ತಂದರು. ನೂರಿಪ್ಪತ್ತೈದು ವರ್ಷ ಮಠದ ಪೆಟ್ಟಿಗೆಯಲ್ಲಿ ಸುಮ್ಮನಿದ್ದ ಸುದ್ದಿ.

ಹಳ್ಳಿಯವರ ಮಾತು ಕೇಳಿಸುವುದು ಇನ್ನೂ ತಡವಾಗಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯ ಬೆಳೆ, ಮಣ್ಣು, ಕಸುಬುಗಳ ವಿವರ ಕೂಡಿಸಲು ಊರೂರು ಸುತ್ತಿದ. ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಕಡೆಗೂ ಹೋದ. ರಾಗಿ, ಹುರುಳಿ, ಮಗ್ಗ, ಸುಂಕ ಎಂದು ಕೇಳುತ್ತ ಹೋದವನಿಗೆ ಜನ ದಂಡಿನ ಕಥೆಯನ್ನೂ ಹೇಳಿದರು. ಮರಾಠರ ದಂಡು ಹಾದುಹೋದ ಸೀಮೆಯಲ್ಲಿ ಹಸಿವಿನಿಂದ ಊರಿಗೆ ಊರೇ ಬರಿದಾದ ಸಂಗತಿಯನ್ನು ಅವನು ಮತ್ತೆ ಮತ್ತೆ ಬರೆದುಕೊಂಡ. ಚಿತ್ರಗಾರರ ಹಾಳೆಗಳಲ್ಲಿ ಹಸುರು, ನೀಲಿ ಬಣ್ಣಗಳಲ್ಲಿ ಮಲಗಿರುವ ಬಯಲುಗಳ ನಿಜವಾದ ಅಡಿಬರಹ ಈ ವೈದ್ಯನ ಟಿಪ್ಪಣಿಗಳಲ್ಲಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ನಮ್ಮ ಪಠ್ಯಪುಸ್ತಕಗಳು ಈ ಚಿತ್ರಗಳನ್ನು ಒಂಟಿಯಾಗಿ ಅಚ್ಚುಮಾಡಿ ಮಕ್ಕಳ ಮುಂದೆ ಇಡುವುದು ಸರಿಯಲ್ಲ.

ಈ ಯುದ್ಧಕ್ಕಿಂತ ಒಂಬೈನೂರು ವರ್ಷ ಹಿಂದೆಯೇ ಈ ನೆಲದಲ್ಲಿ ಯುದ್ಧದ ಸುದ್ದಿಯನ್ನು ಚಿತ್ರಸಹಿತ ಹೇಳುವ ಪದ್ಧತಿಯೊಂದು ನೆಲೆಯೂರಿತ್ತು. ಬೇಗೂರಿನ ದೊಡ್ಡ ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಎರೆಯಪ್ಪನ ಆಣತಿಯಂತೆ ನಾಗತ್ತರ ಎಂಬ ನಾಯಕ ವೀರಮಹೇಂದ್ರನ ಮೇಲೆ ದಂಡೆತ್ತಿ ಹೋಗಿ, ತುಂಬೆಪಾಡಿಯಲ್ಲಿ ಕಾದಾಡಿ ಸತ್ತದ್ದು ಅದರಲ್ಲಿದೆ. ಕುದುರೆಗಳು, ಆನೆಗಳು, ಬಿದ್ದ ದೇಹಗಳು, ಅವುಗಳ ಮೇಲೆ ಎರಗಿದ ಪ್ರಾಣಿಗಳು, ಎಲ್ಲವನ್ನೂ ಕಲ್ಲುಕುಟಿಗ ಒಂದೇ ಚಪ್ಪಡಿಯಲ್ಲಿ ತುಂಬಿದ್ದಾನೆ. ಯಾರು, ಎಲ್ಲಿ, ಯಾರ ಪರವಾಗಿ, ಏನಾದ, ಅವನ ನಂತರ ಆ ಸ್ಥಾನ ಯಾರಿಗೆ ಸಿಕ್ಕಿತು ಎಂಬುದೆಲ್ಲ ಕಲ್ಲಿನ ಮೇಲಿದೆ. ಇಂದಿನ ವರದಿಗಾರನಿಗೆ ಹೇಳಿಕೊಡುವ ಪ್ರಶ್ನೆಗಳು ಇವೇ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಇಂಥ ಕಲ್ಲುಗಳು ಸಾಲುಸಾ‌ಲಾಗಿ ಸಿಗುತ್ತವೆ. ತುರು ಹಿಡಿಯಲು ಬಂದವರ ಮೇಲೆ ಬಿದ್ದು ಸತ್ತ ಸಾಮಾನ್ಯರಿಗೂ ಅಲ್ಲಿ ಹೆಸರಿದೆ.

1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದ. ತಿಂಗಳ ಕೊನೆಗೆ ಟಿಪ್ಪು ಸಂಧಿಗೆ ಒಪ್ಪಿದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಮತ್ತು ಅವೆಲ್ಲ ತೀರುವವರೆಗೆ ಇಬ್ಬರು ಗಂಡುಮಕ್ಕಳು ಒತ್ತೆ. ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಎಂಟು ಹತ್ತು ವರ್ಷದ ಹುಡುಗರಿಬ್ಬರನ್ನು ಆನೆಯ ಮೇಲೆ ಕೂರಿಸಿ ಕಂಪನಿಯ ಬಿಡಾರಕ್ಕೆ ಕಳಿಸಲಾಯಿತು. ವಕೀಲ ಗುಲಾಮ್ ಅಲಿ ಅವರನ್ನು ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದ.

ಲಂಡನ್ನಿನಲ್ಲಿ ಆ ದೃಶ್ಯ ಬಿರುಗಾಳಿಯಂತೆ ಹಬ್ಬಿತು. ಸುದ್ದಿ ಹಡಗಿನಲ್ಲಿ ಮುಟ್ಟಲು ಐದಾರು ತಿಂಗಳು ಹಿಡಿಯುತ್ತಿದ್ದ ಕಾಲ. ಬಂದ ಮೇಲೆ ಮಾತ್ರ ಜನರಿಗೆ ಎಷ್ಟು ಹೇಳಿದರೂ ಸಾಲದು. ಆಸ್ಟ್ಲಿಯ ಕುದುರೆ ರಂಗಮಂದಿರ 1792ರಲ್ಲಿ ಬೆಂಗಳೂರಿನ ಮುತ್ತಿಗೆಯನ್ನೇ ಆಟವಾಗಿ ಆಡಿತು. ಬೆಂಗಳೂರನ್ನು ಕಣ್ಣಿನಿಂದ ಕಾಣದ ಜನ ಟಿಕೀಟು ಕೊಂಡು ಅದರ ಕೋಟೆ ಬೀಳುವುದನ್ನು ನೋಡಿದರು. ಮೇದರ್ ಬ್ರೌನ್ ಎಂಬ ಕಲಾವಿದ ಲಂಡನ್ ಬಿಟ್ಟು ಕದಲದೆ ಒತ್ತೆಯಾಳು ರಾಜಕುಮಾರರನ್ನು ಬರೆದ. 1799ರಲ್ಲಿ ಟಿಪ್ಪು ಸತ್ತ ಮೇಲೆ ರಾಬರ್ಟ್ ಕೆರ್ ಪೋರ್ಟರ್ ಶ್ರೀರಂಗಪಟ್ಟಣದ ಲಗ್ಗೆಯನ್ನು 120 ಅಡಿ ಉದ್ದದ ಬಟ್ಟೆಯ ಮೇಲೆ ಆರು ವಾರದಲ್ಲಿ ಬರೆದು 1800ರಲ್ಲಿ ಪ್ರದರ್ಶನಕ್ಕಿಟ್ಟ. ಅವನೂ ಇತ್ತ ಕಾಲಿಟ್ಟವನಲ್ಲ. ಜನ ಸಾಲುಗಟ್ಟಿ ನಿಂತು ನೋಡಿದರು. ಕತ್ತಲ ಸಭಾಂಗಣದಲ್ಲಿ ಬೆಳ್ಳಿತೆರೆಯ ಮುಂದೆ ಕೂರುವ ಅಭ್ಯಾಸಕ್ಕೆ ಇದು ಪೂರ್ವಜನ್ಮ. ಕೇಳಿ ಬರೆದವರ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ತಂದೆಯಂತೆ ಕೈ ಚಾಚುತ್ತಾನೆ, ಮಕ್ಕಳು ಹೂವಿನಂತೆ ಬಾಗುತ್ತಾರೆ. ಬೇರೆಯವರ ಮಕ್ಕಳನ್ನು ಒತ್ತೆ ಹಿಡಿದದ್ದು ಅಕ್ಕರೆಯ ದೃಶ್ಯವಾಗಿ ಮಾರ್ಪಟ್ಟಿತು.

ಹೋಮ್ ಅಲ್ಲಿದ್ದವನು. ಅವನೂ ಆ ದೃಶ್ಯವನ್ನು ದೊಡ್ಡ ತೈಲಚಿತ್ರವಾಗಿ ಬರೆದ. ಅದರಲ್ಲೂ ಕಾರ್ನ್‌ವಾಲಿಸ್ ಹುಡುಗನ ಕೈ ಹಿಡಿದಿದ್ದಾನೆ. ಆದರೆ ಆ ಗುಂಪಿನಲ್ಲಿ ಬೆಂಗಳೂರು ಸೀಮೆಯ ಬಿಸಿಲು ಕಂಡ ಮುಖಗಳಿವೆ. ಇಣುಕುವವರು, ತಳ್ಳಾಡುವವರು, ಕುತೂಹಲದಿಂದ ಕತ್ತು ಚಾಚಿದವರು. ಎಡತುದಿಯಲ್ಲಿ, ಕಂಕುಳಲ್ಲಿ ಚಿತ್ರಗಳ ಕಟ್ಟು ಇಟ್ಟುಕೊಂಡು ನಿಂತವನೊಬ್ಬನಿದ್ದಾನೆ. ಅದು ಹೋಮನೇ. ತಾನು ಅಲ್ಲಿದ್ದೆ, ಕಂಡೇ ಬರೆದೆ ಎಂದು ಸಹಿ ಹಾಕಿದ ಹಾಗೆ. ಯುದ್ಧವನ್ನು ಕಂಡು ತೋರಿಸುವುದನ್ನೇ ಕಸುಬು ಮಾಡಿಕೊಂಡವರ ಸಾಲಿನಲ್ಲಿ ಅವನನ್ನು ನಿಲ್ಲಿಸಲು ಆ ಒಂದು ಮೂಲೆ ಸಾಕು.

1794ರಲ್ಲಿ ಅವನ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಹೊರಬಂತು. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕಿದ 29 ಚಿತ್ರಗಳು, ಜೊತೆಗೆ ನಕ್ಷೆಗಳು, ವಿವರಗಳು. ಅದೇ ವರ್ಷ ಅಲನ್‌ನ ಮೈಸೂರು ನೋಟಗಳೂ ಪ್ರಕಟವಾದವು. ಅಲನ್ ಐದು ವರ್ಷದ ನಂತರ ಮತ್ತೆ ಬಂದ. 1799ರ ಮೇ 4ರಂದು ಬಿಳಿ ಬಾವುಟ ಹಿಡಿದು ಅರಮನೆಯೊಳಕ್ಕೆ ಹೋಗಿ ರಾಜಕುಮಾರರನ್ನು ಶರಣಾಗಿಸಿದವನು ಅವನು. ಆ ರಾತ್ರಿ ಕೋಟೆಬಾಗಿಲ ಕತ್ತಲಲ್ಲಿ ಹೆಣಗಳ ರಾಶಿಯ ನಡುವೆ ದೀಪ ಹಿಡಿದು ಟಿಪ್ಪುವನ್ನು ಹುಡುಕಿದವರಲ್ಲಿ ಅವನೂ ಒಬ್ಬ. ದೇಹ ಇನ್ನೂ ಬೆಚ್ಚಗಿತ್ತು, ಕಣ್ಣು ತೆರೆದೇ ಇತ್ತು, ಬದುಕಿದ್ದಾನೇನೋ ಎಂಬ ಅನುಮಾನ ಬಂತು ಎಂದು ಅಲನ್ ಬರೆದಿಟ್ಟ. ಟಿಪ್ಪುವಿನ ಸಾವಿನ ಬಗ್ಗೆ ಸಾವಿರ ಚಿತ್ರ ಬಂದಿವೆ. ಆ ಕೆಲವು ಸಾಲುಗಳ ಮುಂದೆ ಅವೆಲ್ಲ ಬಣ್ಣದ ಪರದೆಗಳು.

ಹೋಮ್ ಇಂಗ್ಲೆಂಡಿಗೆ ಮರಳಲಿಲ್ಲ. 1795ರಲ್ಲಿ ಕಲ್ಕತ್ತಾಕ್ಕೆ ಹೋಗಿ ಭಾವಚಿತ್ರದ ಕೆಲಸಕ್ಕೆ ಕೂತ. 1814ರಲ್ಲಿ ಲಖನೌಗೆ ಹೋಗಿ ಅವಧದ ಘಾಜಿಉದ್ದೀನ್ ಹೈದರನ ಆಸ್ಥಾನ ಕಲಾವಿದನಾದ. 1834ರಲ್ಲಿ ಕಾನ್ಪುರದಲ್ಲಿ, ಎಂಬತ್ತು ದಾಟಿದ ಮೇಲೆ, ತೀರಿಕೊಂಡ. ಯುದ್ಧದ ಹಿಂದೆ ಮತ್ತೆ ಹೋಗಲಿಲ್ಲ.

ಕಲ್ಕತ್ತಾದ ಆ ವರ್ಷಗಳಲ್ಲಿ ತನ್ನ ಮುಂದೆ ಬಂದು ಕೂತ ಗಿರಾಕಿಗಳ ಲೆಕ್ಕದ ಪುಸ್ತಕವನ್ನು ಅವನು ಇಟ್ಟಿದ್ದ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಅದನ್ನು ಕಾಪಾಡಿದೆ. ಯಾರು ಬಂದರು, ಎಂಥ ಚಿತ್ರ, ಬೆಲೆ ಎಷ್ಟು, ಎಲ್ಲವೂ ಸಾಲು ಸಾಲಾಗಿ ಬರೆದಿದೆ. ಹೆಸರು ಬರೆದಿಡುವ ಅಭ್ಯಾಸ ಇದ್ದ ಮನುಷ್ಯ ಅವನು. ಪೇಟೆಯ ಬಾಗಿಲಲ್ಲಿ ಮೂರ್‌ಹೌಸನ ಸುತ್ತ ನಿಂತ ಸಿಪಾಯಿಗಳಲ್ಲಿ, ಒತ್ತೆಯಾಳು ಹುಡುಗರನ್ನು ನೋಡಲು ಕತ್ತು ಚಾಚಿದ ಆ ಕಪ್ಪು ಮುಖಗಳಲ್ಲಿ, ಹೊಸಕೋಟೆಯವನೋ ದೇವನಹಳ್ಳಿಯವಳೋ ಒಬ್ಬರಾದರೂ ಇದ್ದರೇ ಎಂದು ಹುಡುಕಲು ಹೋದರೆ, ಅವರ ಸಾಲು ಮಾತ್ರ ಆ ಪುಸ್ತಕದಲ್ಲಿಲ್ಲ.